ಒಂದು ಕೂದಲೂ ಬಿಡಬೇಡಿ

ಕಾರ್ಯದರ್ಶಿಯ ಬೆರಳು ನೇರವಾಗಿ ಹೋಗಿ ಅತ್ತೆಯ ಮೂಗಿನ ಮೇಲೆ ಕೂತಿತು.

"ಇದನ್ನ ತೆಗೀಬೇಕು," ಅಂದ.

ಮೂಗು ಅಂದರೆ ಕಂಪ್ಯೂಟರಿನ ಪರದೆಯ ಮೇಲಿದ್ದ ಮೂಗು. ಅವನ ಬೆರಳಿನಲ್ಲಿ ಜಿಡ್ಡಿತ್ತು. ಪರದೆಯ ಮೇಲೆ ಅದರ ಗುರುತು ಉಳಿಯಿತು. ಸೊಸೆ ಕುರ್ಚಿಯಲ್ಲಿ ಕೂತಿದ್ದಳು. ಅವನು ಅವಳ ಹೆಗಲ ಮೇಲಿಂದ ಬಾಗಿದ್ದ. ಯಾರ ಮೂಗಿನ ಮೇಲೆ ಯಾರ ಎದುರಿಗೆ ಬೆರಳಿಟ್ಟಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಇದನ್ನ ಅಂದ್ರೆ ಯಾವುದನ್ನ ಸಾರ್?" ಅಂತ ಕೇಳಿದಳು.

"ಇದೇ ಕಣಮ್ಮ, ಈ ಹೆಂಗಸು. ನಮ್ಮ ಕಟ್ಟಡದಲ್ಲಿ ಕಸ ಗುಡಿಸೋಳು. ತಲೆ ನೋಡು, ಪೊರಕೆಯನ್ನ ತಲೆಕೆಳಗು ಮಾಡಿ ನಿಲ್ಲಿಸಿದ ಹಾಗಿದೆ. ನನ್ನ ಗಲ್ಲದ ಮೇಲೆಲ್ಲ ಅವಳ ಕೂದ್ಲು." ಅವನು ತಿರುಗಿ, ಪರದೆ ಬಟ್ಟೆ ಹಿಡಿದು ನಿಂತಿದ್ದ ಅಂಗಡಿಯ ಮಾಲೀಕನನ್ನು ನೋಡಿದ. "ನೀಟಾಗಿ ಕಟ್ ಮಾಡಿ ತೆಗೀರಿ. ಒಂದು ಕೂದ್ಲೂ ಬಿಡಬೇಡಿ."

"ಚಿಂತೆ ಬಿಡಿ ಸಾರ್," ಅಂದ ಮಾಲೀಕ. "ಕೂದ್ಲು ಅಂದ್ರೆ ನಮ್ಮ ಕೂದಲಕ್ಕ ಎತ್ತಿದ ಕೈ."

ಕೂದಲಕ್ಕ ಅವನೇ ಇಟ್ಟ ಹೆಸರು. ಆ ಫೋಟೊ ಅಂಗಡಿಯಲ್ಲಿ ಚಿತ್ರ ಕತ್ತರಿಸುವವರು ಇನ್ನೂ ಇಬ್ಬರಿದ್ದರು. ಅವರಿಗೆ ಬಾಟಲಿ, ಚಪ್ಪಲಿ, ಚಮಚ. ಬಾಟಲಿಗೆ ಕೂದಲಿಲ್ಲ. ಚಪ್ಪಲಿಗೆ ಕೂದಲಿಲ್ಲ. ಅಂಚಿನ ಗುಂಟ ಒಂದು ಗೆರೆ ಎಳೆದರೆ ಮುಗಿಯಿತು, ಎದ್ದು ಹೋಗಿ ಟೀ ಕುಡಿಯಬಹುದು. ಕೂದಲಿರುವುದೆಲ್ಲ ಸೊಸೆಯ ಪಾಲು. ಮದುಮಗಳು ಬಂದರೆ ಅವಳಿಗೆ, ಹಸುಗೂಸು ಬಂದರೆ ಅವಳಿಗೆ, ನಾಯಿ ಬಂದರೆ ಅವಳಿಗೆ, ಶಾಂಪೂ ಜಾಹೀರಾತಿನಲ್ಲಿ ತಲೆ ಕೊಡವುವ ಹುಡುಗಿ ಬಂದರೂ ಅವಳಿಗೇ. ಕೂದಲಿನ ಸುತ್ತ ಗೆರೆ ಎಳೆಯಲಾಗದು. ಎಳೆದರೆ ತಲೆಯ ಮೇಲೆ ಮಡಕೆ ಬೋರಲು ಹಾಕಿದಂತೆ ಕಾಣುತ್ತದೆ. ತಾನಾಗಿಯೇ ಕತ್ತರಿಸುವ ಗುಂಡಿಯೊಂದು ಸಾಫ್ಟ್‌ವೇರಿನಲ್ಲಿದೆ. ಅದನ್ನು ಒತ್ತಿದರೆ ಅರ್ಧ ಕೂದಲನ್ನು ಅದು ನುಂಗುತ್ತದೆ, ಉಳಿದರ್ಧಕ್ಕೆ ಹಿಂದಿನ ಗೋಡೆಯನ್ನು ಅಂಟಿಸಿಕೊಂಡು ಬರುತ್ತದೆ. ಹಾಗಾಗಿ ಕೈಯಲ್ಲೇ ಮಾಡಬೇಕು. ಕಪ್ಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ನೋಡಬೇಕು. ಎಳೆ ಎಳೆಯಾಗಿ ಬಿಡಿಸಬೇಕು. ಹಿಂದೆ ಮರವಿದ್ದರೆ ಕೂದಲಿನ ತುದಿಗೆ ಹಸಿರು ಹತ್ತಿಕೊಂಡಿರುತ್ತದೆ, ಪಾಚಿ ಕಟ್ಟಿದ ಹಾಗೆ. ಅದನ್ನೂ ತೊಳೆಯಬೇಕು.

ಸಂಜೆಯ ಹೊತ್ತಿಗೆ ಮಣಿಕಟ್ಟು ಉರಿಯುತ್ತದೆ. ಕತ್ತು ಗೂಟವಾಗುತ್ತದೆ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕೂದಲು ಹರಿದಾಡುತ್ತವೆ. ಪರದೆ ಬಟ್ಟೆಯ ಹಿಂದಿನ ಆ ಕೋಣೆಗೆ ಕಿಟಕಿ ಇಲ್ಲ. ಒಂದು ಫ್ಯಾನಿದೆ. ಅದರ ಮುಖ ಯಂತ್ರದ ಕಡೆಗೆ. ಯಂತ್ರ ಬಿಸಿಯಾಗಬಾರದು. ಅವಳು ಆಗಬಹುದು. ಮುಂದಿನ ಕೌಂಟರಿನಲ್ಲಿ ಗಿರಾಕಿಗಳು ಹೊಗಳಿದರೆ ಮಾಲೀಕ, "ನಾನೇ ಕೂತು ಮಾಡಿದೆ ಸಾರ್, ಕಣ್ಣು ಹೋಯ್ತು," ಅನ್ನುತ್ತಿದ್ದ. ಹೋಗುತ್ತಿದ್ದ ಕಣ್ಣು ಒಳಗೆ ಕೂತು ಕೇಳಿಸಿಕೊಳ್ಳುತ್ತಿತ್ತು.

ಆ ಫೋಟೊ ಹುಟ್ಟಿದ ಕಥೆ ಹೀಗೆ.

ಕಾರ್ಯದರ್ಶಿಯ ಕಟ್ಟಡ ಎತ್ತರದ್ದು, ತುಂಬ ಮನೆಗಳಿರುವಂಥದ್ದು. ಮನೆಯವರದ್ದೊಂದು ಸಂಘ, ಇವನು ಅದರ ಕಾರ್ಯದರ್ಶಿ. ಒಂದು ಬೆಳಗ್ಗೆ ಕೆಳಗಿನ ದೊಡ್ಡ ಪೈಪು ಕಟ್ಟಿಕೊಂಡು, ಎಲ್ಲ ಮನೆಗಳ ಕಕ್ಕಸಿನ ನೀರು ನೆಲಮಾಳಿಗೆಗೆ ನುಗ್ಗಿತು. ಕಾರುಗಳ ಚಕ್ರ ಮುಳುಗಿತು. ಬಾಗಿಲು ಮುಳುಗಿತು. ಲಿಫ್ಟಿನ ಮೋಟರು ಆ ಮೂಲೆಯಲ್ಲೇ ಇತ್ತು, ನೀರು ಅದರ ಕಡೆ ಏರುತ್ತಿತ್ತು. ಸಂಘದವರು ಇಳಿಜಾರಿನ ಮೇಲೆ ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ಪೈಪು ಬಿಡಿಸುವ ಯಂತ್ರದವರನ್ನು ಕರೆಯೋಣ ಅಂತ ಯಾರೋ ಅಂದರಂತೆ. ಅವರು ಬರುವ ಹೊತ್ತಿಗೆ ಎಲ್ಲ ಮುಳುಗಿರುತ್ತೆ, ಆ ಮುದುಕಿಯನ್ನ ಇಳಿಸಿ ಅಂತ ಕಾರ್ಯದರ್ಶಿ ಅಂದನಂತೆ.

ಮುದುಕಿ ಅಂದರೆ ಅತ್ತೆ.

ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಕಾವಲುಗಾರ ಹಗ್ಗ ಹಿಡಿದ. ನೀರು ಎದೆಯವರೆಗೆ ಬಂತು. ಪೈಪಿನ ಬಾಯಿ ಇನ್ನೂ ಕೆಳಗಿತ್ತು. ಅತ್ತೆ ಕೆನ್ನೆಯನ್ನು ಆ ನೀರಿಗೆ ಒತ್ತಿ, ಕೈಯನ್ನು ಭುಜದವರೆಗೆ ಇಳಿಸಿ ತಡಕಾಡಿದಳು. ಬಾಯಿ ಬಿಗಿದಿದ್ದಳು. ಕಿವಿ ಬಿಗಿಯಲು ಬರುವುದಿಲ್ಲವಲ್ಲ, ಕಿವಿಗೆ ನುಗ್ಗಿತು. ಕೈಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು. ಬಂತು ನೋಡಿ, ಒಂದು ದೊಡ್ಡ ಬೆಕ್ಕಿನಷ್ಟು ದಪ್ಪ ಕೂದಲ ಉಂಡೆ. ಇಡೀ ಕಟ್ಟಡ ತಲೆ ತೊಳೆದು ಬಿಟ್ಟ ಕೂದಲು. ಕಪ್ಪು, ಬಣ್ಣ ಹಾಕಿದ ಕಂದು, ನರೆ, ಎಲ್ಲ ಸೋಪಿನಲ್ಲಿ ಹೆಪ್ಪುಗಟ್ಟಿ ಒಂದಾಗಿದ್ದವು. ಕಟ್ಟಡದವರು ಅಷ್ಟು ಒಗ್ಗಟ್ಟಿನಿಂದ ಇದ್ದದ್ದು ಅಲ್ಲಿ ಮಾತ್ರ. ನೀರು ಗೊಳಗೊಳ ಅಂತ ಇಳಿಯಿತು. ಅತ್ತೆ ಮೇಲೆ ಬಂದು ಉಂಡೆಯನ್ನು ಕಾರ್ಯದರ್ಶಿಯ ಬೂಟಿನ ಹತ್ತಿರಕ್ಕೇ ಒಗೆದಳು. ಅವನು ಹಿಂದಕ್ಕೆ ಹಾರಿದ ಹಾರಾಟ ನೋಡಿ ಕಾವಲುಗಾರ ಕೆಮ್ಮಿದ. ನಗುವ ಹಾಗಿರಲಿಲ್ಲ.

ಅಷ್ಟರಲ್ಲಿ ಯಾರದೋ ಫೋನಿಗೆ ಅಗ್ನಿಶಾಮಕದ ಅಧಿಕಾರಿ ಬಂದ. ಬಂದವನು ಎಲ್ಲವನ್ನೂ ಕೇಳಿದ. ಪತ್ರಿಕೆಗೊಂದು ಫೋಟೊ ಬೇಕೆಂದು ಸಂಘದವರು ಒಗೆದ ಬಟ್ಟೆಯಲ್ಲಿ ಸಾಲಾಗಿ ನಿಂತಾಗ, ಪೈಪು ಬಿಡಿಸಿದವರು ಮಧ್ಯೆ ನಿಲ್ಲಬೇಕು ಅಂತ ಅವನೇ ಅತ್ತೆಯ ಕೈ ಹಿಡಿದು ಎಳೆದು ನಿಲ್ಲಿಸಿದ. ಸೂರ್ಯ ಹಿಂದಿದ್ದ. ಅತ್ತೆಯ ತಲೆ ಬಿಚ್ಚಿಹೋಗಿತ್ತು. ಫೋಟೊದವನು ಗುಂಡಿ ಒತ್ತಿದ.

ಫೋಟೊ ಮುಗಿದ ಮೇಲೆ ಅತ್ತೆ ಮೈ ತೊಳೆಯಲು ತಾರಸಿಯ ನಲ್ಲಿಗೆ ಹೋಗಬೇಕಿತ್ತು. ಕೆಳಗಿನ ನಲ್ಲಿ ಬಂದ್. ಕಾಲು ಸೋತಿತ್ತು. ಲಿಫ್ಟಿನ ಮುಂದೆ ನಿಂತಳು. ಅವಳು ಉಳಿಸಿದ ಮೋಟರಿನ ಲಿಫ್ಟು. ಕಸದವರು ಮೆಟ್ಟಿಲು ಹತ್ತಬೇಕೆಂಬುದು ಸಂಘದ ನಿಯಮ. ಕಾರ್ಯದರ್ಶಿ ಕಣ್ಸನ್ನೆ ಮಾಡಿದ, ಕಾವಲುಗಾರ ಅಡ್ಡ ನಿಂತ. ಅತ್ತೆ ಅಷ್ಟೂ ಮಹಡಿ ಹತ್ತಿದಳು. ಹತ್ತಿ, ತೊಳೆದುಕೊಂಡು ಇಳಿದು ಬಂದ ಮೇಲೆ, ಮೆಟ್ಟಿಲ ತುಂಬ ನಿನ್ನ ಮೈಯ ಗಲೀಜು ತೊಟ್ಟಿಕ್ಕಿದೆ ಅಂತ ಅವಳ ಕೈಗೇ ಬಕೆಟ್ ಕೊಟ್ಟು ಅಷ್ಟನ್ನೂ ತೊಳೆಸಿದರು.

ಅವತ್ತು ಮನೆಯಲ್ಲಿ ಸೊಸೆ ಅತ್ತೆಯ ತಲೆಗೆ ನೀರು ಹಾಕಿದಳು. ಮಗ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಆ ಒಂದೂವರೆ ಕೋಣೆಯಲ್ಲಿ ಇರುವುದು ಇವರಿಬ್ಬರೇ. ಉಪ್ಪು ಹೆಚ್ಚಾಯಿತು ಅಂತ ಒಬ್ಬಳು, ನೀವೇ ಹಾಕಿದ್ದು ಅಂತ ಇನ್ನೊಬ್ಬಳು, ಹೀಗೆ ಜಗಳವಾಡಿಕೊಂಡೇ ಹೊಂದಿಕೊಂಡಿದ್ದರು. ಹಿಂದೊಮ್ಮೆ ಜ್ವರದಲ್ಲಿ ಅತ್ತೆಯ ಕೂದಲೆಲ್ಲ ಉದುರಿ, ಮತ್ತೆ ಹುಟ್ಟುವಾಗ ಜೇಡರ ಬಲೆಯಷ್ಟು ನವಿರಾಗಿ, ಬೆಳ್ಳಗೆ, ನಿಮಿರಿಕೊಂಡು ಹುಟ್ಟಿತ್ತು. ಬಾಚಿದರೂ ಕೂರದು. ಎಷ್ಟು ತೊಳೆದರೂ ಅವತ್ತು ವಾಸನೆ ಹೋಗಲಿಲ್ಲ. ಕತ್ತರಿಸಿಬಿಡೋಣವೇ ಅಂತ ಸೊಸೆ ಕೇಳಿದ್ದಕ್ಕೆ ಅತ್ತೆ, "ನಿನ್ನ ಕೈ ಕಂಪ್ಯೂಟರಲ್ಲಿ ಇಟ್ಕೋ, ನನ್ನ ತಲೆ ಮೇಲೆ ಬೇಡ," ಅಂದಳು. ಆಮೇಲೆ ಕಿವಿ ಸೋರಿತು. ತೋಳಿನ ತುಂಬ ಗುಳ್ಳೆ ಎದ್ದವು. ಅದೇ ತೋಳಿನಲ್ಲಿ ಪೊರಕೆ ಹಿಡಿದು ಮತ್ತೆ ಕೆಲಸಕ್ಕೆ ಹೋದಳು.

ಈಗ ಆ ಕಟ್ಟಡಕ್ಕೆ ನಗರಸಭೆಯ ಪ್ರಶಸ್ತಿ ಬಂದಿತ್ತು. ನಿವಾಸಿಗಳೇ ಒಗ್ಗಟ್ಟಿನಿಂದ ದುಡಿದು ಕಟ್ಟಡ ಉಳಿಸಿಕೊಂಡರಂತೆ. ಮೇಲಿನ ಸಭಾಂಗಣದ ಗೋಡೆಯಷ್ಟು ದೊಡ್ಡದಾಗಿ ಆ ಫೋಟೊ ಹಾಕಿ, ನಗರಸಭೆಯ ಅಧ್ಯಕ್ಷೆಯ ಕೈಲಿ ತೆರೆ ಸರಿಸಬೇಕು. ಅದಕ್ಕೇ ಕಾರ್ಯದರ್ಶಿ ಅಂಗಡಿಗೆ ಬಂದದ್ದು.

ಸೊಸೆ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

ಅತ್ತೆ ಕೇಳಿದ ಮೊದಲ ಮಾತು, "ಪಟದಲ್ಲಿ ಹೇಗಿದ್ದೀನೇ?"

"ನಿಮ್ಮನ್ನ ತೆಗೆದುಹಾಕು ಅಂದಿದಾನೆ ಅತ್ತೆ. ನಾನು ಹೇಳ್ತಿರೋದು ಅದು."

"ಅದು ಕೇಳಿಸ್ತು. ಒಂದು ಕಿವಿ ಇನ್ನೂ ಚೆನ್ನಾಗಿದೆ. ಹೇಗಿದ್ದೀನಿ ಅಂತ ಹೇಳು."

"ಚೆನ್ನಾಗಿದ್ದೀರಿ."

"ಹಲ್ಲು ಕಾಣುತ್ತಾ?"

"ಕಾಣುತ್ತೆ. ನಗ್ತಿದೀರಿ."

ಅತ್ತೆ ತೃಪ್ತಿಯಿಂದ ತಲೆಯಾಡಿಸಿದಳು. ಆಮೇಲೆ ಪಾತ್ರೆ ತೊಳೆಯಲು ಕೂತಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮೂರನೆಯ ಸಲವೂ ಅದನ್ನೇ ಎತ್ತಿಕೊಂಡಾಗ ಸೊಸೆ ಕೈಯಿಂದ ಕಿತ್ತುಕೊಂಡಳು.

"ಅವರಿಗೆ ನನ್ನ ಕೈ ಬೇಕಿತ್ತು," ಅಂದಳು ಅತ್ತೆ. "ಮುಖ ಬೇಡ."

ಕೈ ಒರೆಸಿಕೊಂಡು, "ತೆಗಿ. ನಿನ್ನ ಕೆಲಸ ನೀನು ಮಾಡು. ಅನ್ನ ಅದರಲ್ಲಿದೆ. ತೆಗೆಯೋ ಮುಂಚೆ ನನಗೊಮ್ಮೆ ತೋರ್ಸು, ಸಾಕು," ಅಂದಳು.

ಒಬ್ಬರನ್ನು ತೆಗೆಯಬೇಕಾದರೂ ಮೊದಲು ಅವರನ್ನು ಕತ್ತರಿಸಬೇಕು. ಸೊಸೆ ಕತ್ತರಿಸಲು ಕೂತಳು. ಅಂಥ ಕಷ್ಟದ ಕೂದಲು ಅವಳ ಕೈಗೆ ಹಿಂದೆ ಬಂದಿರಲಿಲ್ಲ. ಹಿಂದೆ ಮರ, ಮರದ ಎಲೆಗಳ ಸಂದಿನಿಂದ ಬಿಸಿಲು, ಬಿಸಿಲಿಗೆ ಅಡ್ಡವಾಗಿ ಸಾವಿರ ಎಳೆ. ಒಂದು ಗುಂಪು ಕಾರ್ಯದರ್ಶಿಯ ಗಲ್ಲದ ಮೇಲೆ, ಒಂದೆರಡು ಅವನ ತೆರೆದ ಬಾಯೊಳಗೆ. ಚಿತ್ರವನ್ನು ದೊಡ್ಡದು ಮಾಡಿ ಮಾಡಿ, ಎಳೆ ಹಿಡಿದು ಬಿಡಿಸಿದಳು. ಬೇಗ ಮಾಡು ಅಂತ ಮಾಲೀಕ ಪರದೆ ಬಟ್ಟೆಯಾಚೆಯಿಂದ ಗೊಣಗಿದ. ಅವಳು ಬೇಗ ಮಾಡಲಿಲ್ಲ. ಹೇಗಿದ್ದರೂ ಅಳಿಸಿಹಾಕುವ ಕೂದಲು, ಇಷ್ಟು ಜತನ ಯಾಕೆ ಅಂತ ಅವಳಿಗೇ ಅನ್ನಿಸಿತು. ಆದರೂ ಕೈ ಒರಟಾಗಲು ಒಪ್ಪಲಿಲ್ಲ. ಈ ಕೂದಲಿಗೆ ಸೋಪು ಹಚ್ಚಿದ ಕೈ ಅದು.

ಮಾಲೀಕ ಊಟಕ್ಕೆ ಹೋದ ಹೊತ್ತಿಗೆ ಅತ್ತೆಯನ್ನು ಕರೆಸಿಕೊಂಡಳು. ಅತ್ತೆ ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ, ಸ್ಟೂಲಿನ ಮೇಲೆ ಕೂತು, ಪರದೆಗೆ ಮೂಗು ತಾಗುವಷ್ಟು ಬಾಗಿದಳು.

"ಇಷ್ಟೊಂದು ಕೂದ್ಲು ನನಗಿದೆಯಾ?" ಅಂದಳು. "ಮತ್ತೆ ಬಾಚಣಿಗೆಯಲ್ಲಿ ಬರೋದು ಯಾರದ್ದು?"

ಸೊಸೆ ತೋರಿಸಿದಳು. ಕತ್ತರಿಸಿದ ಅತ್ತೆ ಈಗ ಒಂದು ಹಾಳೆಯ ಮೇಲೆ, ಉಳಿದವರೆಲ್ಲ ಇನ್ನೊಂದು ಹಾಳೆಯ ಮೇಲೆ. ಪ್ರತಿ ಹಾಳೆಯ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿನ ಚಿತ್ರ. ಆ ಕಣ್ಣು ಮುಚ್ಚಿದರೆ ಹಾಳೆ ಮಾಯ, ತೆರೆದರೆ ಹಾಜರು. ಅತ್ತೆಯ ಕಣ್ಣನ್ನು ಮುಚ್ಚಿದಳು. ಸಾಲಿನ ನಟ್ಟನಡುವೆ ಅತ್ತೆಯ ಆಕಾರದ ತೂತು ಉಳಿಯಿತು. ಒಗೆದ ಬಟ್ಟೆಯವರೆಲ್ಲ ಆ ತೂತಿನ ಸುತ್ತ ಹಲ್ಲು ಕಿರಿದು ನಿಂತಿದ್ದರು.

"ಅಯ್ಯೋ, ಹೋದೆ," ಅಂದಳು ಅತ್ತೆ. "ವಾಪಸ್ ಕರಿ."

ಕರೆದಳು. ಅತ್ತೆಗೆ ಆಟ ಹತ್ತಿತು. ಹೋಗುವುದು, ಬರುವುದು, ಹೋಗುವುದು, ಬರುವುದು. ಆಮೇಲೆ ತಟ್ಟನೆ ಕೇಳಿದಳು, "ಅವರದ್ದೂ ಕಣ್ಣು ಮುಚ್ಚಕ್ಕಾಗುತ್ತಾ?"

ಸೊಸೆ ಒಮ್ಮೆ ಅತ್ತೆಯ ಮುಖ ನೋಡಿದಳು. ಒತ್ತಿದಳು.

ಕಾರ್ಯದರ್ಶಿ ಹೋದ. ಸಂಘ ಹೋಯಿತು. ಅವರ ಹೆಂಡತಿಯರು, ಮರ, ಕಟ್ಟಡ ಎಲ್ಲ ಒಂದು ಚಿಟಿಕೆಗೆ ಹೋಯಿತು. ಬೆಳ್ಳಗಿನ ಬಯಲಿನಲ್ಲಿ ಅತ್ತೆ ಒಬ್ಬಳೇ ನಿಂತಿದ್ದಳು. ಭುಜದವರೆಗೆ ಕರ್ರಗೆ, ಎತ್ತಿ ಕಟ್ಟಿದ ಬಟ್ಟೆ, ಸೊಂಟದಲ್ಲಿ ಹಗ್ಗದ ತುಂಡು, ತಲೆಯ ಸುತ್ತ ಒಂದೂ ತಪ್ಪದೆ ಅಷ್ಟೂ ಕೂದಲು.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ಟೂಲು ಅಲ್ಲಾಡುವಷ್ಟು ನಕ್ಕಳು. ಸೊಸೆ ನಗಲಿಲ್ಲ. ಅವಳ ತಲೆಯೊಳಗೆ ಬೇರೇನೋ ಓಡುತ್ತಿತ್ತು.

"ಅತ್ತೆ, ಅವನು ಏನಂದ ಗೊತ್ತಾ? ಈ ಹೆಂಗಸನ್ನ ನೀಟಾಗಿ ಕಟ್ ಮಾಡಿ ತೆಗೀರಿ, ಒಂದು ಕೂದ್ಲೂ ಬಿಡಬೇಡಿ ಅಂದ. ನಮ್ಮ ಕೆಲಸದಲ್ಲಿ ಬಾಟಲಿ ಕಟ್ ಮಾಡು ಅಂದ್ರೆ ಬಾಟಲಿ ಉಳಿಸ್ಬೇಕು, ಮಿಕ್ಕಿದ್ದು ಎಸೀಬೇಕು. ಮದುಮಗಳನ್ನ ಕಟ್ ಮಾಡು ಅಂದ್ರೆ ಮದುಮಗಳು ಉಳೀಬೇಕು."

ಅತ್ತೆಯ ನಗು ನಿಂತಿತು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕಣ್ಣಿನಲ್ಲಿ ಕಳ್ಳ ಬೆಳಕೊಂದು ಆಡಿತು.

"ಅವನು ಹೇಳಿದ ಹಾಗೇ ಮಾಡ್ತೀಯಾ ಅನ್ನು."

"ಕೆಲಸ ಹೋದ್ರೆ?"

"ನಿಂದು ಹೋದ್ರೆ ನನ್ನ ಪೊರಕೆ ಇದೆ. ನಂದು ಹೋದ್ರೆ ನಿನ್ನ ಕಂಪ್ಯೂಟರಿದೆ."

"ಎರಡೂ ಹೋದ್ರೆ?"

"ಆಗ ಇಬ್ರೂ ಮನೇಲಿ ಕೂತು ಸಮಾಧಾನವಾಗಿ ಜಗಳ ಆಡೋಣ," ಅಂದಳು ಅತ್ತೆ.

ಮುದ್ರಣ ಆ ಅಂಗಡಿಯಲ್ಲೇ ನಡೆಯುತ್ತಿತ್ತು. ಚೌಕಟ್ಟಿಗೆ ಕೆಂಪು ತೆರೆಯನ್ನೂ ಕಟ್ಟಿ ಕೊಡೋಣ, ದೊಡ್ಡವರು ದಾರ ಎಳೆದರೆ ಚೆಂದ ಎಂಬುದು ಮಾಲೀಕನದೇ ಯೋಚನೆ. ತೆರೆಗೆ ಹೊಲಿಗೆ ಹಾಕಿದ್ದು ಸೊಸೆ. ಮಾಲೀಕ ನೋಡುವ ಮೊದಲೇ ಮುದ್ರಣದ ಮೇಲೆ ಅದನ್ನು ಹೊದಿಸಿ ನಾಲ್ಕೂ ಮೂಲೆಗೆ ಗುಂಡುಪಿನ್ನು ಚುಚ್ಚಿದ್ದೂ ಅವಳೇ. ಕಾರ್ಯದರ್ಶಿ ಫೋನು ಮಾಡಿ ಆಯಿತೇ ಅಂತ ಕೇಳಿದ. ಆಯಿತು ಸಾರ್ ಅಂದಳು. ಕೂದಲು? ಅಂದ ಅವನು. ಒಂದೂ ಬಿಟ್ಟಿಲ್ಲ ಸಾರ್ ಅಂದಳು ಇವಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸಮಾರಂಭದ ದಿನ ಚೌಕಟ್ಟು ತೂಗುಹಾಕಿಸಿ ಬರಲು ಮಾಲೀಕ ಅವಳನ್ನೇ ಕಳಿಸಿದ. ಕಾವಲುಗಾರ ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ಹಿಡಿದ, ಇಬ್ಬರು ಆಳುಗಳು ಚೌಕಟ್ಟನ್ನು ಓರೆ ಮಾಡಿ ಒಳಗೆ ತುರುಕಿದರು, ಜೊತೆಗೆ ಅವಳೂ ಹೋದಳು. ಗೋಡೆಗೆ ಮೊಳೆ ಹೊಡೆದು, ತೆರೆಯ ಪಿನ್ನು ತೆಗೆದು ಮುಗಿಸುವ ಹೊತ್ತಿಗೆ ಅತ್ತೆ ಬಕೆಟ್ಟು, ನೆಲ ಒರೆಸುವ ಕೋಲು ಹೊತ್ತುಕೊಂಡು ಮೆಟ್ಟಿಲ ಕಡೆಯಿಂದ ಏದುಸಿರು ಬಿಡುತ್ತ ಬಂದಳು. ಯಾರಾದರೂ ಏನಾದರೂ ಚೆಲ್ಲಿದರೆ ಒರೆಸಬೇಕು, ಬಾಗಿಲ ಹಿಂದೆ ನಿಲ್ಲಬೇಕು, ಕಾಣಿಸಿಕೊಳ್ಳಬಾರದು ಎಂದು ಅವಳಿಗೆ ಅಪ್ಪಣೆಯಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಲ್ಲದವರ ಹಾಗೆ ನೋಡಿದರು.

ಕಾರ್ಯದರ್ಶಿ ಭಾಷಣ ಮಾಡಿದ. ಆ ದಿನ ನಾವು ಯಾರ ದಾರಿಯನ್ನೂ ಕಾಯಲಿಲ್ಲ ಅಂದ. ನಮ್ಮ ಕೈಯಾರೆ ದುಡಿದೆವು ಅಂದ. ಹೇಳುವಾಗ ಎರಡೂ ಕೈ ಎತ್ತಿ ತೋರಿಸಿದ, ಮೆತ್ತನೆಯ ಕೈ, ಒಂದರಲ್ಲಿ ಉಂಗುರ. ಅಧ್ಯಕ್ಷೆ ಎದ್ದು ದಾರ ಎಳೆದಳು. ತೆರೆ ಸರ್ರೆಂದು ಸರಿಯಿತು.

ಗೋಡೆಯ ತುಂಬ ಅತ್ತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರದೋ ಕೈಯ ಲೋಟ ಹಾಗೇ ನಿಂತಿತು. ಕಾರ್ಯದರ್ಶಿ ಚೌಕಟ್ಟಿನ ಎಡ ನೋಡಿದ, ಬಲ ನೋಡಿದ, ತನ್ನನ್ನು ಹುಡುಕಿದ. ಅವನ ಹೆಂಡತಿಯೂ ಹುಡುಕಿದಳು.

ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ಅಗ್ನಿಶಾಮಕದ ಅಧಿಕಾರಿ. ಅಧ್ಯಕ್ಷೆ ಮೈಕು ತೆಗೆದುಕೊಂಡಳು. ಎಷ್ಟೋ ಸಂಘಗಳ ಸಮಾರಂಭ ನೋಡಿದ್ದೇನೆ, ಎಲ್ಲರೂ ತಮ್ಮ ಮುಖವನ್ನೇ ಗೋಡೆಗೆ ಹಾಕಿಕೊಳ್ಳುತ್ತಾರೆ, ಕೆಲಸ ಮಾಡಿದವರನ್ನು ಮುಂದಿಟ್ಟು ತಾವು ಪೂರ್ತಿ ಹಿಂದೆ ಸರಿದ ಕಾರ್ಯದರ್ಶಿಯನ್ನು ಇವತ್ತೇ ಕಂಡೆ ಅಂದಳು. ಬೇರೆ ಕಟ್ಟಡದವರನ್ನೆಲ್ಲ ಕರೆತಂದು ಇದನ್ನು ತೋರಿಸುತ್ತೇನೆ ಅಂದಳು. ಈಗ ಚಪ್ಪಾಳೆ ಜೋರಾಯಿತು. ಕಾರ್ಯದರ್ಶಿ ಎದ್ದು ಕೈ ಮುಗಿಯಬೇಕಾಯಿತು. ಬಾಯಿ ನಗುತ್ತಿತ್ತು. ಉಳಿದ ಮುಖ ಅದಕ್ಕೆ ಒಪ್ಪಿರಲಿಲ್ಲ. ಹರಳೆಣ್ಣೆ ಕುಡಿಸಿ, ಹೇಗಿದೆ ಅಂತ ಕೇಳಿದರೆ ಮಕ್ಕಳು ಹಾಗೆ ನಗುತ್ತವೆ.

ಅವರು ಇಲ್ಲಿದ್ದಾರೆಯೇ ಅಂತ ಅಧ್ಯಕ್ಷೆ ಕೇಳಿದಳು. ಅಧಿಕಾರಿ ನೇರ ಬಾಗಿಲ ಹಿಂದಕ್ಕೆ ಹೋಗಿ ಅತ್ತೆಯನ್ನು ಕರೆತಂದ. ಕೈಯಲ್ಲಿದ್ದ ಬಕೆಟ್ಟನ್ನು ಅವಳು ಬಿಡಲಿಲ್ಲ. ಎರಡು ಮಾತು ಆಡಿ ಅಂದರು.

ಇದು ಇವರಿಬ್ಬರ ಲೆಕ್ಕದಲ್ಲಿ ಇರಲಿಲ್ಲ. ಅತ್ತೆ ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದಳು. ಮೊದಲು ಬರೀ ಉಸಿರು ಕೇಳಿತು.

"ಒಂದು ಮಾತು ಕೇಳ್ತೀನಿ. ಈ ಪಟ ಮೇಲಕ್ಕೆ ಹೇಗೆ ಬಂತು?"

ಕಾವಲುಗಾರ, ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸದವನು, "ಲಿಫ್ಟಲ್ಲಿ," ಅಂದ.

"ನಾನು ಮೆಟ್ಟಿಲಲ್ಲಿ ಬಂದೆ. ನನ್ನ ಪಟ ಲಿಫ್ಟಲ್ಲಿ ಬರಬಹುದು, ನಾನು ಬರೋ ಹಾಗಿಲ್ಲ. ಆ ಲಿಫ್ಟಿನ ಮೋಟರು ಉಳಿಸಿದ ದಿನವೂ ಹತ್ತಿಸಲಿಲ್ಲ. ಮೈಯಿಂದ ಗಲೀಜು ಸುರೀತಿತ್ತು, ಹಾಗೇ ಮೆಟ್ಟಿಲು ಹತ್ತಿದೆ. ಹತ್ತಿದ ಮೆಟ್ಟಿಲನ್ನ ನನ್ನ ಕೈಲೇ ತೊಳೆಸಿದ್ರು." ಅವಳು ತೋಳನ್ನು ಮೇಲೆತ್ತಿ ಗುಳ್ಳೆಯ ಕಲೆ ತೋರಿಸಿದಳು. "ಇನ್ಮೇಲೆ ಆ ಪೈಪಿಗೆ ನಾನು ಕೈ ಹಾಕಲ್ಲ. ಅದರಲ್ಲಿ ಸಿಕ್ಕಿಕೊಳ್ಳೋದು ನಿಮ್ಮ ತಲೆಕೂದ್ಲು. ನಂದು ಒಂದೂ ಇಲ್ಲ, ನಂದೆಲ್ಲ ಅಲ್ಲೇ ಗೋಡೆ ಮೇಲಿದೆ ನೋಡ್ಕೊಳ್ಳಿ. ನಿಮ್ಮದು ನೀವು ತೆಗೀರಿ."

ಮೈಕನ್ನು ಕಾರ್ಯದರ್ಶಿಯ ಕೈಗೆ ಕೊಟ್ಟಳು. ಬಕೆಟ್ಟನ್ನು ಅವನ ಕಾಲ ಬಳಿ ಇಟ್ಟಳು. ಹೊರಟಳು. ಸೊಸೆಯೂ ಹಿಂದೆಯೇ ಹೊರಟಳು. ಮೆಟ್ಟಿಲ ತಿರುವಿನಲ್ಲಿ ಅತ್ತೆ ಗೋಡೆ ಹಿಡಿದು ಕೂತುಬಿಟ್ಟಳು.

"ಜಾಸ್ತಿ ಆಯ್ತೇನೇ?" ಅಂದಳು.

"ಇಲ್ಲ ಅತ್ತೆ," ಅಂತ ಸೊಸೆ ಪಕ್ಕದಲ್ಲಿ ಕೂತಳು.

ಮರುದಿನ ಬೆಳಗ್ಗೆಯೇ ಕಾರ್ಯದರ್ಶಿ ಅಂಗಡಿಗೆ ನುಗ್ಗಿದ. ಕೊಟ್ಟ ದುಡ್ಡು ವಾಪಸ್ ಬೇಕು, ಇವಳನ್ನು ಓಡಿಸಬೇಕು ಅಂತ ಕೌಂಟರು ಕುಟ್ಟಿದ. ಮಾಲೀಕ ಮೊದಲು ಬಿಳಚಿದ. ಸೊಸೆ ಪರದೆ ಬಟ್ಟೆಯ ಹಿಂದಿನಿಂದ ಹೊರಗೆ ಬಂದು ತಣ್ಣಗೆ ಹೇಳಿದಳು, "ಸಾರ್, ಈ ಹೆಂಗಸನ್ನ ಕಟ್ ಮಾಡಿ ಅಂದ್ರಿ. ಮಾಡಿದೆ. ಕೂದ್ಲು ಬಿಡಬೇಡಿ ಅಂದ್ರಿ. ಬಿಡಲಿಲ್ಲ. ನಮ್ಮಲ್ಲಿ ಕಟ್ ಮಾಡೋದು ಅಂದ್ರೆ ಇದೇ."

ಮಾಲೀಕ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಗಲ್ಲಾಪೆಟ್ಟಿಗೆಯನ್ನು ನೋಡಿದ. ಅದರೊಳಗೆ ಬಿದ್ದದ್ದು ಹೊರಗೆ ಬಂದ ಚರಿತ್ರೆ ಆ ಅಂಗಡಿಯಲ್ಲಿರಲಿಲ್ಲ. ತಪ್ಪು ನಮ್ಮದು ಅಂದರೆ ಕೊಡಬೇಕು. ನಮ್ಮದಲ್ಲ ಅಂದರೆ ಕೊಡಬೇಕಿಲ್ಲ. ಅವನ ಬೆನ್ನು ನೆಟ್ಟಗಾಯಿತು.

"ಹೌದು ಸಾರ್," ಅಂದ. "ಕಟ್ ಅಂದ್ರೆ ಇದೇ. ನೀವು ಅಳಿಸಿ ಅನ್ಬೇಕಿತ್ತು. ನಾನೇ ಇಲ್ಲಿ ನಿಂತು ಕೇಳಿಸಿಕೊಂಡಿದೀನಿ."

ಧೈರ್ಯ ಅವನಿಗೆ ಎಲ್ಲಿಂದ ಬಂತೆಂದು ಸೊಸೆಗೆ ಗೊತ್ತಿತ್ತು. ಆದರೂ ಬಂದ ಧೈರ್ಯವನ್ನು ಬೇಡ ಅನ್ನಲಿಲ್ಲ.

ಅತ್ತೆಯನ್ನು ಕೆಲಸದಿಂದ ತೆಗೆದೆವೆಂದು ಸಂಘ ಹೇಳಿಕಳಿಸಿತು. ಅದು ತಲುಪುವ ಮೊದಲೇ ಉಳಿದ ಗುಡಿಸುವವರೂ ಬರುವುದು ನಿಲ್ಲಿಸಿದ್ದರು. ಬೇರೆಯವರನ್ನು ಹುಡುಕಿದರು. ಬಂದವರು ಕೆಳಗಿಳಿದು ಪೈಪು ನೋಡಿದರು, ಮೇಲೆ ಹತ್ತಿ ಪಟ ನೋಡಿದರು, ಹೋದರು. ಕಸ ಬಾಗಿಲು ಬಾಗಿಲಿಗೆ ಕೊಳೆಯಿತು. ಕಟ್ಟಡದವರು ತಲೆ ತೊಳೆಯುವುದನ್ನು ನಿಲ್ಲಿಸಿರಲಿಲ್ಲ. ಪೈಪು ಮತ್ತೆ ಕಟ್ಟಿತು. ಅಷ್ಟರಲ್ಲಿ ಬೇರೆ ಸಂಘಗಳನ್ನು ಕರೆದುಕೊಂಡು ಬರುತ್ತಿದ್ದೇನೆಂದು ಅಧ್ಯಕ್ಷೆಯ ಕಚೇರಿಯಿಂದ ಸುದ್ದಿ ಬಂತು. ಪಟ ಇಳಿಸುವಂತಿಲ್ಲ. ಪಟದಲ್ಲಿದ್ದವಳು ಎಲ್ಲಿ ಅಂದರೆ ತೋರಿಸಬೇಕು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸೊಸೆ ತೆರೆದಳು. ಹೊಸ್ತಿಲಾಚೆ ಕಾರ್ಯದರ್ಶಿ. ಅವನು ಅವಳ ಮುಖ ನೋಡಿದ, ಒಳಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದ ಅತ್ತೆಯ ಮುಖ ನೋಡಿದ, ಮತ್ತೆ ಇವಳ ಮುಖ ನೋಡಿದ.

"ನೀನಾ?"

"ನಾನೇ ಸಾರ್. ಸೊಸೆ. ಒಳಗೆ ಬನ್ನಿ."

ಅವನಿಗೆ ತಲೆ ತಿರುಗಿದಂತಾಯಿತೋ ಏನೋ, ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೈಯಲು ಬಾಯಿ ತೆರೆದ. ಯಾಕೆ ಬಂದಿದ್ದೇನೆ ಎಂಬುದು ನೆನಪಾಯಿತು. ಮುಚ್ಚಿದ. ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತ. ಮೊದಲ ಸಲ ಅವನ ಬಾಯಿಂದ ಅತ್ತೆಗೆ "ನೀವು" ಬಂತು. ಪೈಪು ಮತ್ತೆ ಕಟ್ಟಿದೆ, ನೀವು ಕೆಲಸಕ್ಕೆ ಬರಬೇಕು ಅಂದ. ಅತ್ತೆ ಬಾಚುತ್ತಲೇ ತನ್ನದನ್ನು ಹೇಳಿದಳು. ಲಿಫ್ಟು, ತನಗೊಬ್ಬಳಿಗಲ್ಲ, ಗುಡಿಸುವವರೆಲ್ಲರಿಗೂ. ಪೈಪಿಗೆ ಯಂತ್ರ. ತೋಳಿಗೆ, ಕಿವಿಗೆ ಆದ ಔಷಧಿಯ ಖರ್ಚು. ಅವನು ಒಂದೊಂದಕ್ಕೂ ಸಂಘವನ್ನು ಕೇಳಬೇಕು ಅಂದ. ಅತ್ತೆ ಒಂದೊಂದಕ್ಕೂ, ಕೇಳಿಕೊಂಡು ಬನ್ನಿ, ನಾವು ಮನೇಲೇ ಇರ್ತೀವಿ ಅಂದಳು. ಕೊನೆಗೆ ಕೇಳದೆಯೇ ಒಪ್ಪಿದ.

ಒಪ್ಪಿದ ಮೇಲೂ ಏಳಲಿಲ್ಲ. ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದ.

"ಇನ್ನೊಂದು ವಿಷಯ. ಬಂದವರೆಲ್ಲ ನೀವು ಎಲ್ಲಿ, ನೀವು ಎಲ್ಲಿ ಅಂತ ಕೇಳ್ತಾರೆ. ಆ ಪಟದಲ್ಲಿ ನನ್ನನ್ನ ಸ್ವಲ್ಪ ಸೇರಿಸಕ್ಕೆ ಆಗುತ್ತೇನಮ್ಮ? ಇವರ ಹಿಂದೆ, ಒಂದು ಪಕ್ಕಕ್ಕೆ. ಚಿಕ್ಕದಾಗಿ ಆದ್ರೂ ಸಾಕು."

ಸೊಸೆಗೆ ನಗು ಉಕ್ಕಿತು. ತುಟಿ ಕಚ್ಚಿದಳು. "ಆಗುತ್ತೆ ಸಾರ್. ಆದ್ರೆ ಪಟ ಅವರದ್ದು. ಅವರನ್ನ ಕೇಳಿ."

ಅವನು ಅತ್ತೆಯ ಕಡೆ ತಿರುಗಿದ. ಅತ್ತೆ ಬಾಚಣಿಗೆ ಕೆಳಗಿಟ್ಟಳು.

"ಅವತ್ತು ನೀರಿಗೆ ಇಳಿದಿದ್ರಾ?"

"ಇಲ್ಲ. ನಾನು ಮೇಲೆ ನಿಂತು..."

"ಹಗ್ಗ ಹಿಡಿದಿದ್ರಾ?"

ಅವನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

"ಪೈಪು ಮತ್ತೆ ಕಟ್ಟಿದೆ ಅಂದ್ರಲ್ಲ. ಇವತ್ತು ಇಳೀರಿ," ಅಂದಳು ಅತ್ತೆ. ದನಿಯಲ್ಲಿ ಕುಹಕವಿರಲಿಲ್ಲ, ದಾರಿ ಹೇಳುವವರ ದನಿ. "ಭುಜದ ತನಕ ಕೈ ಹಾಕಬೇಕಾಗುತ್ತೆ, ಕೆನ್ನೆ ನೀರಿಗೆ ಒತ್ಕೊಳ್ಳಿ, ಬಾಯಿ ಬಿಗೀರಿ. ನಾನು ಹಗ್ಗ ಹಿಡೀತೀನಿ. ಇವಳು ಫೋಟೊ ಹಿಡೀತಾಳೆ. ಆಮೇಲೆ ನನ್ನ ಹಿಂದೆ ಬೇಡ, ಪಕ್ಕದಲ್ಲೇ ನಿಲ್ಲಿಸ್ತೀವಿ."

ಅವನು ತನ್ನ ಬೂಟು ನೋಡಿಕೊಂಡ. ಇಸ್ತ್ರಿ ಮಾಡಿದ ತೋಳು ನೋಡಿಕೊಂಡ. ಜೇಬಿನಿಂದ ಫೋನು ತೆಗೆದು ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು ಯಾರೊಂದಿಗೋ ಮಾತಾಡಿದ.

ಅತ್ತೆ, ಸೊಸೆ ನಡೆದುಕೊಂಡು ಆ ಕಟ್ಟಡ ತಲುಪುವಷ್ಟರಲ್ಲಿ ಯಂತ್ರದ ಗಾಡಿ ಬಂದು ನಿಂತಿತ್ತು. ಇಬ್ಬರು ಆಳುಗಳು ದಪ್ಪನೆಯ ಕೊಳವೆ ಇಳಿಸಿ ಗುಂಡಿ ಒತ್ತಿದರು. ಯಾರೂ ನೀರಿಗಿಳಿಯಲಿಲ್ಲ. ಕೊಳವೆ ಗುಟುಕು ಗುಟುಕಾಗಿ ಎಲ್ಲವನ್ನೂ ಕುಡಿಯಿತು. ಕಾವಲುಗಾರ ತಂದ ಟೀ ಆರುವ ಮೊದಲೇ ಪೈಪು ಖಾಲಿಯಾಯಿತು. ಅತ್ತೆ ಸೊಂಟದ ಮೇಲೆ ಎರಡೂ ಕೈ ಇಟ್ಟು ನೋಡುತ್ತ ನಿಂತಿದ್ದಳು. ಗಾಡಿ ಎಲ್ಲಿಯದೆಂದು ಆಳನ್ನು ಕೇಳಿದಳು. ಪಕ್ಕದ ರಸ್ತೆಯದೇ ಅಮ್ಮ, ಎಷ್ಟೋ ವರ್ಷದಿಂದ ಅಲ್ಲೇ ನಿಲ್ಲುತ್ತೆ, ಫೋನು ಮಾಡಿದರೆ ಬರುತ್ತೇವೆ ಅಂದ ಅವನು.

ಅತ್ತೆ ತೋಳಿನ ಕಲೆಯನ್ನು ಕೆರೆದುಕೊಂಡಳು. ಆಮೇಲೆ ಟೀ ಲೋಟ ಎತ್ತಿಕೊಂಡಳು.